ಎಡಿಟರ್‌ಗೊಂದು ಮೆಮೊರಿ ಕಿಟಕಿ

ಕಂಪ್ಯೂಟರ್ ಕೆಲಸದಲ್ಲಿ ಮಾಡುವುದು ಅರ್ಧ, ಏನು ಮಾಡಿದೆವೆಂದು ತಿಳಿಸುವುದು ಇನ್ನರ್ಧ. ನಗು ಬರುವುದೆಲ್ಲ ಈ ಎರಡನೆಯ ಅರ್ಧದಲ್ಲಿ.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಕೊಟ್ಟೂರಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಪ್ರೋಗ್ರಾಮಿನ ತಪ್ಪು ಹುಡುಕಲು ಡಿಬಗ್ಗರ್ ಇತ್ತು. ಆದರೆ ಮೆಮೊರಿಯಲ್ಲಿ ಏನಿದೆಯೆಂದು ನೋಡಬೇಕಾದರೆ ಪ್ರತಿ ಸಲ ಬೇರೆ ಪರದೆಗೆ ಹೋಗಿ ಕಮಾಂಡ್ ಹೊಡೆಯಬೇಕು. ಪ್ರೋಗ್ರಾಮ್ ಬರೆಯುವ ಎಡಿಟರ್‌ನಲ್ಲೇ ಅದು ಕಾಣಲೆಂದು ಒಂದು ಕಿಟಕಿ ಸೇರಿಸಲು ನಾನೂ ನನ್ನ ಜೊತೆ ಪಾಠ ಹೇಳುತ್ತಿದ್ದ ಮೇಡಮ್ಮೂ ಕೂತೆವು.

ಅಣ್ಣನ ಮರೆವು

ಕಟ್ಟಡದ ಮಾಲೀಕರು ಏನು ನಡೆಸೀರಿ ಎಂದು ಕೇಳಿದರು. "ಮೆಮೊರಿ ನೋಡೋ ಸೌಲಭ್ಯ ಮಾಡಾಕ ಹತ್ತೀವ್ರಿ" ಅಂದೆ. ಮರುದಿನ ಬೆಳಿಗ್ಗೆ ತಮ್ಮ ಅಣ್ಣನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು.

"ಇವರಿಗೆ ಯಾವುದೂ ನೆನಪು ಉಳಿಯಂಗಿಲ್ಲ. ಒಂಚೂರು ನೋಡ್ರಿ."

ಇದು ಯಂತ್ರದ ನೆನಪು, ಕರೆಂಟ್ ಹೋದರೆ ಅದೂ ಹೋಗುತ್ತದೆ ಎಂದು ವಿವರಿಸಿದೆ. ಅಣ್ಣನವರಿಗೆ ಬಹಳ ಸಮಾಧಾನವಾಯಿತು. "ಯಂತ್ರಾನೂ ಮರೀತೈತಲ್ಲ, ಅದನ್ನ ಇವನಿಗೆ ಹೇಳ್ರಿ. ನನ್ನೊಬ್ಬನ್ನ ಬೈತಾನ."

ಕಸ

ಕಾನಹೊಸಹಳ್ಳಿಯಿಂದ ಒಬ್ಬರು ಮಗಳನ್ನು ಸೇರಿಸಲು ಬಂದಿದ್ದರು. ಅದೇ ಹೊತ್ತಿಗೆ ಮೆಮೊರಿಯಲ್ಲಿದ್ದ ಹಳೆಯ ಅಡ್ಡಾದಿಡ್ಡಿ ಅಂಕಿಗಳೆಲ್ಲ ಹೋಗಿ ಕಿಟಕಿಯ ತುಂಬ ಸೊನ್ನೆಗಳು ಬಂದು ನಾವಿಬ್ಬರೂ ಹಿಗ್ಗಿದ್ದೆವು.

"ಬರೀ ಸೊನ್ನಿ ಐತಲ್ರಿ," ಎಂದರು ಅವರು.

"ಹಂಗ ಇರಬೇಕ್ರಿ. ನಿನ್ನೀತನಕ ಕಸ ತುಂಬಿತ್ತು, ಈಗ ಸ್ವಚ್ಛ ಆತು," ಎಂದರು ಮೇಡಂ.

ಅವರು ಸ್ವಲ್ಪ ಯೋಚಿಸಿದರು. "ಕಸ ಹೊಡಿಯೋದು ಮಗಳಿಗೆ ಮನಿಯಾಗ ಕಲಿಸೇವ್ರಿ. ಇಲ್ಲಿ ಬ್ಯಾರೆ ಏನಾರ ಕಲಿಸ್ರಿ."

ಅಕ್ಕಪಕ್ಕದ ಜಾಗ

ನಮ್ಮ ಕಿಟಕಿ ಹರಪನಹಳ್ಳಿಯ ಒಂದು ಕಾಲೇಜಿನ ಲ್ಯಾಬಿಗೆ ಹೋದದ್ದು ಅಲ್ಲಿನ ಉಪಪ್ರಾಂಶುಪಾಲರ ದಯೆಯಿಂದ. ಅಲ್ಲಿ ಒಪ್ಪದಿದ್ದರೆ ನಮ್ಮ ದುಡಿಮೆಯನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ.

ಮೆಮೊರಿಯಲ್ಲಿ ಎರಡು ಹೆಸರಿಗೆ ಅಕ್ಕಪಕ್ಕ ಜಾಗ ಇಟ್ಟಿದ್ದೆವು: ಮೊದಲನೆಯದು ಪ್ರಾಂಶುಪಾಲರಿಗೆ, ಅದರ ನಂತರದ್ದು ಉಪಪ್ರಾಂಶುಪಾಲರಿಗೆ. ಉಪಪ್ರಾಂಶುಪಾಲರು ತಮ್ಮ ಹೆಸರು ಟೈಪ್ ಮಾಡಿದರು. ಕಿಟಕಿಯಲ್ಲಿ ಚೆಂದಾಗಿ ಕಾಣಿಸಿತು. ಆಮೇಲೆ ಪ್ರಾಂಶುಪಾಲರು ಕೂತರು. "ಹೆಸರಷ್ಟೇ ಸಾಕ್ರಿ ಸರ್" ಅಂದೆ. ಅವರು ಊರು, ತಂದೆಯ ಹೆಸರು, ತಮ್ಮ ಹೆಸರು, ಪಡೆದ ಪದವಿ ಎಲ್ಲ ಸೇರಿಸಿ ಎಂಟರ್ ಒತ್ತಿದರು. ಪದವಿಗಳು ಪಕ್ಕದ ಜಾಗಕ್ಕೂ ಹರಿದು, ಉಪಪ್ರಾಂಶುಪಾಲರ ಹೆಸರು ಅಳಿಸಿಹೋಯಿತು.

"ಇವರ ಹೆಸರು ಎಲ್ಲಿ ಹೋತು?" ಎಂದರು ಪ್ರಾಂಶುಪಾಲರು.

ಮೇಡಂ ಮೆಲ್ಲಗೆ ಹೇಳಿದರು: "ನಿಮಗ ಕೊಟ್ಟ ಜಾಗ ಸಾಲಲಿಲ್ರಿ ಸರ್. ಅವರ ಜಾಗಾನೂ ನೀವ ತಗೊಂಡ್ರಿ. ಇಂಥ ತಪ್ಪು ಕಣ್ಣಿಗೆ ಬೀಳಲಿ ಅಂತನ ಈ ಕಿಟಕಿ ಮಾಡೀವಿ."

ಉಪಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಪರದೆಯನ್ನು ನಿಧಾನವಾಗಿ ನೋಡಿ ಪ್ರಾಂಶುಪಾಲರಿಗೆ ಹೇಳಿದರು:

"ಈ ಕಿಟಕಿ ತಗೊಂಡುಬಿಡ್ರಿ ಸರ್. ಇಷ್ಟು ವರ್ಷ ನನಗ ಹೇಳಾಕ ಆಗದ್ದನ್ನ ಇದು ಬಂದ ದಿನಾನ ಹೇಳೇತಿ."