ಶರಣಮ್ಮನ ಮೂಗು

ಹೆಂಡತಿಗೆ ಸುಳ್ಳೇ ಹೇಳದ ಗಂಡಸು ಎಲ್ಲಾದರೂ ಇದ್ದರೆ ಅವನಿಗೆ ನನ್ನ ದೊಡ್ಡ ನಮಸ್ಕಾರ. ನಾನಂತೂ ಆ ಪೈಕಿ ಅಲ್ಲ. ಸಕ್ಕರೆ ಕಾಯಿಲೆ ಬಂದು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವಂತಾದ ಮೇಲೆ ನನ್ನ ಸುಳ್ಳಿನ ಕಲೆ ಇನ್ನಷ್ಟು ಪಳಗಿತು. ಸುರಪುರದ ಕಚೇರಿಯಿಂದ ಮನೆಗೆ ಬಂದರೆ ಸಾಕು, ನನ್ನ ಹೆಂಡತಿ ಶರಣಮ್ಮ ಹೊಸ್ತಿಲಲ್ಲೇ ನಿಲ್ಲಿಸಿ "ಬಾಯಿ ತೆಗೀರಿ" ಎನ್ನುತ್ತಾಳೆ. ಜಿಲೇಬಿಯೋ ಪೇಡೆಯೋ, ಎಷ್ಟು ಸೋಂಪು ಜಗಿದು ಬಂದರೂ ಮೂಸಿ ಹಿಡಿದುಬಿಡುತ್ತಾಳೆ. "ಸಾಹೇಬರ ಮಗಳ ನಿಶ್ಚಯ ಇತ್ತು, ಒಲ್ಲೆ ಅಂದ್ರೂ ಬಾಯಾಗ ತುರುಕಿದ್ರು" ಎಂದು ನಾನು ಕಥೆ ಕಟ್ಟುತ್ತೇನೆ. ಸಾಹೇಬರಿಗಿರುವುದು ಒಬ್ಬನೇ ಮಗ.

ಕಳೆದ ಬೇಸಿಗೆಯಲ್ಲಿ ಬೋನಾಳದ ನೆಂಟರ ಮನೆಯಲ್ಲಿ ಉಂಡು ಬಂದವನಿಗೆ ಜ್ವರ, ವಾಂತಿ ಹಿಡಿಯಿತು. ಗಂಟಲಲ್ಲಿ ಗಂಜಿಯೂ ಇಳಿಯಲಿಲ್ಲ. ಉಣ್ಣದವನಿಗೆ ಇನ್ಸುಲಿನ್ ಯಾಕೆ ಎಂದು ನಾನೇ ಪಂಡಿತನಾಗಿ, ಯಾರಿಗೂ ಹೇಳದೆ ಸೂಜಿ ಬಿಟ್ಟೆ. ಎರಡನೆಯ ದಿನ ಮಧ್ಯಾಹ್ನ ಹಣೆಗೆ ಒದ್ದೆ ಬಟ್ಟೆ ಹಾಕಲು ಬಗ್ಗಿದ ಶರಣಮ್ಮ ಮೂಗರಳಿಸಿದಳು.

"ಹಣ್ಣ ತಿಂದೀರೇನ್ರಿ? ಕಳಿತ ಬಾಳಿಹಣ್ಣಿನ ವಾಸನಿ ಬರಾಕತ್ತದ."

"ಇಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು, ಏದುಸಿರು ನೋಡಿದಳು. "ಸೂಜಿ ಚುಚ್ಚಿಕೊಂಡೀರಿಲ್ಲೋ?"

"ನಿನ್ನಿಯಿಂದ ಇಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಎದುರು ಮನೆಯ ಮಹಬೂಬನ ಆಟೊ ಕರೆಸಿ ಸೀದಾ ಆಸ್ಪತ್ರೆಗೆ ಒಯ್ದಳು.

ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ಗಾಢ ನೇರಳೆಗೆ ತಿರುಗಿತು. ಡಾಕ್ಟರು ಸಲಾಯಿನ್, ಇನ್ಸುಲಿನ್ ಎರಡನ್ನೂ ಏರಿಸುತ್ತ ಹೇಳಿದರು: "ಇನ್ಸುಲಿನ್ ಇಲ್ಲಂದ್ರ ಮೈಗೆ ಸಕ್ಕರಿ ಬಳಸಾಕ ಬರಂಗಿಲ್ರಿ, ಕೊಬ್ಬು ಕರಗಿಸ್ತದ. ಆಗ ಕೀಟೋನ್ ಅನ್ನೋದು ರಕ್ತದಾಗ ತುಂಬಿ ರಕ್ತಾನ ಹುಳಿ ಮಾಡ್ತದ. ಹಣ್ಣಿನ ವಾಸನಿ ಅದರದು. ಜ್ವರ ಬರ್ಲಿ, ಊಟ ಸೇರದಿರ್ಲಿ, ನಮ್ಮನ್ನ ಕೇಳ್ದೆ ಸೂಜಿ ಬಿಡಬ್ಯಾಡ್ರಿ. ನಾಳಿತನಕ ತಡ ಮಾಡಿದ್ರ ನಿಮ್ಮನ್ನ ಎಬ್ಬಿಸೋದು ಕಷ್ಟ ಇತ್ತು. ಮನಿಯವರಿಗೆ ಕೈ ಮುಗೀರಿ."

ಕೈಗೆ ಸೂಜಿ ಚುಚ್ಚಿದ್ದರಿಂದ ಮುಗಿಯಲಾಗಲಿಲ್ಲ. ಆದರೆ ಪಟ್ಟಿಗಿಂತ ಮೊದಲೇ ರೋಗ ಪತ್ತೆ ಹಚ್ಚಿದ ಈ ಹೆಂಗಸು ನನ್ನ ಹೆಂಡತಿ ಎಂದು ಎದೆ ತುಂಬಿ ಬಂತು. ಕಣ್ಣೂ ತುಂಬಿತು, ಸುಳ್ಳಲ್ಲ.

ಚೇತರಿಸಿಕೊಂಡ ಮೇಲೆ ಕೇಳಿದೆ: "ದಿನಾ ನಂಬದಾಕಿ ಅವತ್ತ ಹೆಂಗ ನಂಬಿದಿ?"

"ತಿಂದಿದ್ರ ಯಾರು ಕೊಟ್ರು, ಎಷ್ಟ ಒತ್ತಾಯ ಮಾಡಿದ್ರು, ಎಲ್ಲಾ ಹೇಳ್ತಿದ್ರಿ. ಅವತ್ತ ಬರೇ 'ಇಲ್ಲ' ಅಂದ್ರಿ. ಜೀವಕ್ಕ ಏನೋ ಆಗ್ಯದ ಅಂತ ಅಲ್ಲೇ ತಿಳೀತು."

ಅಂದಿನಿಂದ ಸೂಜಿ ತಪ್ಪಿಸಿಲ್ಲ. ನಿಜ ಹೇಳುವಾಗಲೂ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇಲ್ಲದಿದ್ದರೆ ಬಾಗಿಲಿಗೆ ಆಟೊ ಬಂದು ನಿಲ್ಲುತ್ತದೆ.