ಬಂಗಾರದ ಮ್ಯಾಲೆ ನಾ ಮಾಡಿದ ಪಿಎಚ್.ಡಿ.

ಪ್ರಶ್ನಾವಳಿ ಹಿಡಿದು ಮಂದಿಯ ಮನೆಗೆ ಹೋದವನಿಗೆ ಬೇಕಾದ ಉತ್ತರ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನನಗೆ ಆರು ವರ್ಷ ಇದೇ ಆಯಿತು. ನಾನು ಗಜೇಂದ್ರಗಡದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ನಲವತ್ತು ಹತ್ತಿರ ಬಂದಾಗ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತು. ಶೇರು ಪೇಟೆ ಬಿದ್ದಾಗ ನಮ್ಮ ಕಡೆಯ ಮಂದಿ ದುಡ್ಡನ್ನು ಎಲ್ಲಿಗೆ ಒಯ್ಯುತ್ತಾರೆ, ಬಂಗಾರವನ್ನು ಯಾಕೆ ಅಷ್ಟು ನಂಬುತ್ತಾರೆ ಎಂಬುದು ವಿಷಯ. ಅದಕ್ಕಾಗಿ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ತಿರುಗಿದೆ. ಆಗ ನಡೆದದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಹೇಳಿ ಮುಗಿಸಿ ಕ್ಲಾಸಿಗೆ ಹೋಗುವಾಗ ಮಾತ್ರ, ಅವತ್ತು ನಾ ಹಾಗೆ ಮಾಡಬಾರದಿತ್ತು ಎಂದು ಪ್ರತಿ ಸಲ ಅನ್ನಿಸುತ್ತದೆ.

ಮಾರುಕಟ್ಟೆ ಬಿದ್ದರೆ

ಮೊದಲು ಹೋದದ್ದು ರೋಣದ ಒಬ್ಬ ಕಿರಾಣಿ ಸಾಹುಕಾರರ ಅಂಗಡಿಗೆ. ಅರವತ್ತು ದಾಟಿದವರು, ಊರಿನ ಹಳೆಯ ಮಾರುಕಟ್ಟೆಯ ಕಟ್ಟಡದಲ್ಲಿ ಅಂಗಡಿ. ನನ್ನ ಮೊದಲ ಪ್ರಶ್ನೆ: "ಮಾರುಕಟ್ಟೆ ಕುಸಿದರೆ ನೀವು ತಕ್ಷಣ ಏನು ಮಾಡುತ್ತೀರಿ?" ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ದೆ. ಮಾರುತ್ತೇನೆ, ಇನ್ನಷ್ಟು ಕೊಳ್ಳುತ್ತೇನೆ, ಕಾಯುತ್ತೇನೆ, ತಿಳಿದವರನ್ನು ಕೇಳುತ್ತೇನೆ.

ಅವರು ನಾಲ್ಕನ್ನೂ ಸಾವಕಾಶ ಓದಿ, ತಲೆ ಎತ್ತಿ ಅಂಗಡಿಯ ಮಾಳಿಗೆಯನ್ನು ನೋಡಿದರು. ತೊಲೆಯ ಹತ್ತಿರ ಒಂದು ಬಿರುಕಿತ್ತು.

"ಹೊರಗ ಓಡತೀನಿ ಅನ್ನೋದು ಇದ್ರಾಗ ಇಲ್ಲಲ್ರಿ," ಅಂದರು.

ಅದು ಈ ಮಾರುಕಟ್ಟೆಯಲ್ಲ, ಶೇರು ಮಾರುಕಟ್ಟೆ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಗಿರಾಕಿ ಕಾಯುತ್ತಿದ್ದರೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಅದು ಬಿದ್ದರೆ ಪೇಪರಿನಲ್ಲಿ ಬರುತ್ತದೆ, ಇದು ಬಿದ್ದರೆ ನನ್ನ ತಲೆಯ ಮೇಲೆ ಬರುತ್ತದೆ ಎಂದು ಹೇಳಿ ಸಕ್ಕರೆ ತೂಗಲು ಹೋದರು. ನಾನು ಅವರ ಹೆಸರಿನ ಮುಂದೆ "ಮಾಹಿತಿ ಇಲ್ಲದವರು" ಎಂದು ಬರೆದುಕೊಂಡೆ.

ಮುಂದೆ ಶೇರು ಪೇಟೆ ಖರೇನೇ ಬಿತ್ತು. ನನ್ನ ಪಟ್ಟಿಯಲ್ಲಿ "ಮಾಹಿತಿ ಉಳ್ಳವರು" ಎಂದಿದ್ದವರೆಲ್ಲ ಕೈಕಟ್ಟಿ ನೋಡುತ್ತ ಕುಳಿತರು. ನಮ್ಮ ಗೈಡ್ ಸರ್ ಹಾಳೆಗಳನ್ನು ತಿರುವಿ ಹಾಕಿ, ಕಿರಾಣಿ ಸಾಹುಕಾರರ ಹಾಳೆ ತೋರಿಸಿ, ಮಾಹಿತಿ ಇದ್ದಾಂವ ಇಡೀ ಊರಾಗ ಇಂವ ಒಬ್ಬನೇ ಇದ್ದ, ಅವನನ್ನೇ ಮಾಹಿತಿ ಇಲ್ಲದಾಂವ ಅಂತ ಬರೆದಿದ್ದೀರಿ ಅಂದರು.

ಸವಡಿಯ ಅಜ್ಜಿ

ಗೈಡ್ ಸರ್ ಮೊದಲೇ ಹೇಳಿದ್ದರು, ಬಂಗಾರದ ಸುದ್ದಿ ಕೇಳುವ ಮೊದಲು ಮಂದಿಯ ವಿಶ್ವಾಸ ಗಳಿಸಿರಿ ಎಂದು. ರೋಣದ ಹತ್ತಿರದ ಸವಡಿಯಲ್ಲಿ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನ ಮಾಡುತ್ತಿದ್ದಳು. ನಾನು ಪಕ್ಕಕ್ಕೆ ಕೂತೆ. ನಿಮ್ಮ ಹತ್ತಿರ ಬಂಗಾರ ಇದೆಯೇ, ಇದ್ದರೆ ಮನೆಯಲ್ಲಿ ಇಡುತ್ತೀರೋ ಬ್ಯಾಂಕಿನಲ್ಲೋ ಎಂದು ಕೇಳಿದೆ.

ಅಜ್ಜಿ ತಿರುಗಿ ನನ್ನನ್ನೇ, ಪಗಾರ ಎಷ್ಟು ಎಂದು ಕೇಳಿದಳು. ಹೇಳಿದೆ. ಮನೆ ಸ್ವಂತದ್ದೋ ಬಾಡಿಗೆಯೋ, ವಿಮೆ ಮಾಡಿಸಿದ್ದೀಯೋ ಇಲ್ಲವೋ, ಅಣ್ಣತಮ್ಮಂದಿರ ಜೊತೆ ಹೊಲ ಹಂಚಿಕೆ ಆಗಿದೆಯೋ ಎಂದು ಒಂದೊಂದಾಗಿ ಕೇಳಿದಳು. ವಿಶ್ವಾಸ ಬೆಳೆಯುತ್ತಿದೆ ಎಂಬ ಖುಷಿಯಲ್ಲಿ ನಾನು ಎಲ್ಲಾ ಬಿಚ್ಚಿ ಹೇಳಿದೆ. ತಮ್ಮನ ಜೊತೆಗಿನ ತಕರಾರು ಕೂಡ ಹೇಳಿದೆ. ಕಾಳು ಹಸನಾಯಿತು. ಈಗ ನೀವು ಹೇಳಿ ಅಜ್ಜಿ, ಎಲ್ಲಿ ಇಡುತ್ತೀರಿ ಅಂದೆ.

"ಯಪ್ಪಾ, ನಿನ್ನ ಮನಿ ಮಾತನ್ನ ನಿನ್ನ ಹೊಟ್ಟ್ಯಾಗ ಇಟಗೊಳ್ಳಾಕ ಆಗಲಿಲ್ಲ. ನನ್ನ ಬಂಗಾರದ ಮಾತು ಹ್ಯಾಂಗ ಇಟಗೋತಿ?" ಅಂದಳು.

ಒಂದು ಮುಟಿಗೆ ಶೇಂಗಾ ಕೊಟ್ಟು ಕಳಿಸಿದಳು. ನಾನು ಮತ್ತೆ ಹೋಗಲಿಲ್ಲ. ಹೋಗಬೇಕಿತ್ತು. ಅಷ್ಟು ಸಮಾಧಾನದಿಂದ ನನ್ನ ಮಾತು ಕೇಳಿದವರು ಆ ಆರು ವರ್ಷದಲ್ಲಿ ಬೇರೆ ಯಾರೂ ಇರಲಿಲ್ಲ.

ಮರುವರ್ಷ ಆಕೆಯ ಸೊಸೆ ಫೋನ್ ಮಾಡಿದಳು. ಅತ್ತೆ ತೀರಿಕೊಂಡು ತಿಂಗಳಾಯಿತಂತೆ. ಬಂಗಾರಕ್ಕಾಗಿ ಅಟ್ಟ, ಕಾಳು ತುಂಬುವ ಹಗೇವು, ಹಾಸಿಗೆ, ಒಲೆಯ ಹಿಂದಿನ ಗೋಡೆ ಎಲ್ಲಾ ನೋಡಿ ಆಗಿತ್ತಂತೆ. ಎಲ್ಲಿ ಇಟ್ಟಿದ್ದಾಳೆಂದು ಅತ್ತೆ ಮಗನಿಗೆ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಕಡೆಗೆ ಯಾರೋ, ಕಾಲೇಜಿನ ಮಾಸ್ತರರೊಬ್ಬರು ಬಂದು ಅದನ್ನೇ ಬರೆದುಕೊಂಡು ಹೋಗಿದ್ದರಲ್ಲ ಎಂದು ನೆನಪು ಮಾಡಿಕೊಟ್ಟರಂತೆ.

"ಸರ್, ನಿಮ್ಮ ಫಾರಮಿನ್ಯಾಗ ನಮ್ಮತ್ತಿ ಎಲ್ಲಿ ಇಟ್ಟೀನಂತ ಬರಸ್ಯಾಳ್ರಿ?"

ಹಾಳೆ ಹುಡುಕಿ ತೆಗೆದೆ. ಆ ಜಾಗದಲ್ಲಿ ನನ್ನದೇ ಅಕ್ಷರ: "ಉತ್ತರಿಸಲಿಲ್ಲ. ಶೇಂಗಾ ಕೊಟ್ಟರು."

ಅಪಾಯಕ್ಕೆ ಅಂಜುವವರು

ನರಗುಂದದ ಹತ್ತಿರ ಒಬ್ಬ ರೈತರು. ಅಪಾಯ ಇರುವ ಕಡೆ ದುಡ್ಡು ಹಾಕುತ್ತೀರಾ ಎಂದು ಕೇಳಿದ್ದಕ್ಕೆ ಕೈ ಮುಗಿದರು. ನಾಳೆ ಏನಾಗುತ್ತದೋ ತಿಳಿಯದ ವ್ಯವಹಾರಕ್ಕೆ ಅವರ ಅಪ್ಪನೂ ಕೈ ಹಾಕಿದವರಲ್ಲವಂತೆ, ಅವರೂ ಹಾಕುವುದಿಲ್ಲವಂತೆ. ಶೇರು ಅಂದರೆ ಇಸ್ಪೀಟು ಎಂದೂ ನನಗೆ ಬುದ್ಧಿ ಹೇಳಿದರು. ಅವರ ಉತ್ತರ ನನಗೆ ಬಹಳ ಮೆಚ್ಚಿಗೆಯಾಯಿತು. "ಅಪಾಯಕ್ಕೆ ಅಂಜುವವರು" ಎಂಬಲ್ಲಿ ಗುರುತು ಹಾಕಿ, ಇದು ಮಾದರಿ ಉತ್ತರ ಎಂದು ಗೈಡ್ ಸರ್‌ಗೆ ತೋರಿಸಿದೆ.

ಇವರ ಬೆಳೆ ಏನು ಎಂದು ಸರ್ ಕೇಳಿದರು. ಅದನ್ನು ನಾನು ಮುಖ್ಯ ಅಂದುಕೊಂಡಿರಲಿಲ್ಲ.

"ಉಳ್ಳಾಗಡ್ಡಿ ಸರ್," ಅಂದೆ. "ಇಪ್ಪತ್ತು ವರ್ಷದಿಂದ ಬರೇ ಉಳ್ಳಾಗಡ್ಡಿ."

ಸರ್ ನನ್ನ ಗುರುತಿನ ಮೇಲೆ ಕಾಟು ಹಾಕಿ, ಉಳ್ಳಾಗಡ್ಡಿ ದರಕ್ಕಿಂತ ದೊಡ್ಡ ಇಸ್ಪೀಟು ಯಾವುದೈತ್ರಿ ಅಂದರು.

ಇಳೀತೇನ್ರಿ?

ಗಜೇಂದ್ರಗಡದ ನಮ್ಮ ಓಣಿಯಲ್ಲಿ ರಿಟೈರ್ ಆದ ಕನ್ನಡ ಸಾಲಿ ಮಾಸ್ತರರಿದ್ದಾರೆ. ಮೊಮ್ಮಗಳ ಮದುವೆಗೆಂದು ಎರಡೆಳೆಯ ಸರ ಮಾಡಿಸಬೇಕಿತ್ತು. ಬಂಗಾರದ ಮೇಲೆ ಓದುವವರು ಓಣಿಯಲ್ಲೇ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕೆಂದು ನನ್ನ ಹತ್ತಿರ ಬಂದರು. ನಾನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ, ದರ ಬಹಳ ಏರಿದೆ, ಇಳಿದೇ ಇಳಿಯುತ್ತದೆ, ತಡೆಯಿರಿ ಅಂದೆ.

ಅಂದಿನಿಂದ ಮಾಸ್ತರರು ದಿನಾ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. "ಇಳೀತೇನ್ರಿ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ರಿ, ಇನ್ನೊಂದೀಟು ತಡೀರಿ," ಎಂದು ನಾನು ಅನ್ನುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆ ಮಾತು ನನಗೆ ನಿದ್ದೆಯಲ್ಲೂ ಬರುವಷ್ಟು ರೂಢಿಯಾಯಿತು. ಒಂದು ಮಧ್ಯಾಹ್ನ ರೋಣದಿಂದ ಬರುವಾಗ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಗಜೇಂದ್ರಗಡ ಬಂದಾಗ ಕಂಡಕ್ಟರ್ ಭುಜ ತಟ್ಟಿ "ಇಳೀತೀರೇನ್ರಿ?" ಎಂದು ಕೇಳಿದ. ಕಣ್ಣು ತೆರೆಯದೆ, "ಇನ್ನೂ ಇಲ್ರಿ, ಇನ್ನೊಂದೀಟು ತಡೀರಿ," ಅಂದೆನಂತೆ. ಎಚ್ಚರಾದಾಗ ಬಸ್ಸು ಊರು ದಾಟಿ ಪುರ್ತಗೇರಿಯಲ್ಲಿ ನಿಂತಿತ್ತು. ಬಿಸಿಲಿನಲ್ಲಿ ನಡೆದು ತಿರುಗಿ ಬಂದೆ.

ಬಂಗಾರ ಮಾತ್ರ ಇಳಿಯಲೇ ಇಲ್ಲ. ಮದುವೆಯಲ್ಲಿ ಮೊಮ್ಮಗಳ ಕೊರಳಲ್ಲಿ ಒಂದೇ ಎಳೆ ಇತ್ತು. ಅಕ್ಷತೆ ಹಾಕಿ ಮಾಸ್ತರರ ಹತ್ತಿರ ಹೋಗಿ ನಿಂತೆ. ಅವರೇ ನನ್ನ ಕೈ ಹಿಡಿದುಕೊಂಡರು.

"ನೀವು ತಡೀರಿ ಅಂದ್ರಿ, ನಾ ತಡದೆ. ವರ ತಡೀಲಿಲ್ಲರಿ," ಅಂದರು. ಆಮೇಲೆ ತಾವೇ ನಿಂತು ನನ್ನ ಎಲೆಗೆ ಎರಡು ಹೋಳಿಗೆ ಬಡಿಸಿದರು. ಒಂದು ಸಾಕು ಅಂದರೂ ಕೇಳಲಿಲ್ಲ.

ಮೌಖಿಕ ಪರೀಕ್ಷೆ

ನನ್ನ ಹೆಂಡತಿಗೆ ಅವಳ ತವರಿನಿಂದ ಬಂದ ನಾಲ್ಕು ಪಾಟ್ಲಿ, ಬಂಗಾರದ ಅಗಲ ಬಳೆ, ಇದ್ದವು. ನಾನು ಓದು ಸುರುಮಾಡಿದ ಮರುವರ್ಷ ಶೇರು ಪೇಟೆ ದಿನಾ ಏರುತ್ತಿತ್ತು. ಬಂಗಾರ ಸುಮ್ಮನೆ ಕೂತು ಉಣ್ಣುತ್ತದೆ, ದುಡಿಯುವುದಿಲ್ಲ ಎಂದು ನಾಲ್ಕು ದಿನ ತಿಳಿಸಿ ಹೇಳಿದೆ. ಅವಳು ನಾಲ್ಕನ್ನೂ ಬಿಚ್ಚಿ ಕೊಟ್ಟಳು. ಮಾರಿ ಶೇರು ಕೊಂಡೆ. ಶೇರು ಬಿತ್ತು. ಇನ್ನೂ ಬೀಳುತ್ತದೆಂದು ಹೆದರಿ ತಳ ಮುಟ್ಟಿದ ದಿನವೇ ಮಾರಿದೆ. ಮರುವಾರದಿಂದ ಶೇರು ಏರಿತು, ಬಂಗಾರ ಅದಕ್ಕಿಂತ ಜೋರಾಗಿ ಏರಿತು. ಅವಳು ಒಂದು ಮಾತೂ ಅನ್ನಲಿಲ್ಲ. ನಾನೂ ಆ ವಿಷಯ ಎತ್ತಲಿಲ್ಲ.

ಆದರೆ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಇಂಥ ಒಬ್ಬ ಹೂಡಿಕೆದಾರನ ಕತೆಯನ್ನು ಹೆಸರಿಲ್ಲದೆ ಬರೆದೆ. ಅವನು ಹೇಗೆ ಆಸೆಪಟ್ಟ, ಹೇಗೆ ಹೆದರಿದ, ಪಾಟ್ಲಿ ಇಲ್ಲದ ಮುಂಗೈ ಮುಚ್ಚುವಂತೆ ಸೆರಗು ಹೊದ್ದುಕೊಂಡು ಲಗ್ನಗಳಿಗೆ ಹೋಗುವ ಹೆಂಡತಿಯನ್ನು ನೋಡಿದಾಗ ಅವನಿಗೆ ಏನಾಗುತ್ತಿತ್ತು, ಎಲ್ಲಾ ಬರೆದೆ. ಇಂಗ್ಲಿಷಿನಲ್ಲಿ ಬರೆಯುವುದರಿಂದ ಧೈರ್ಯವಿತ್ತು. ಅವಳು ಅದನ್ನು ಓದುವವಳಲ್ಲ.

ಧಾರವಾಡದಲ್ಲಿ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂಡಬಹುದು. ಆರು ವರ್ಷ ಏನು ಮಾಡಿದಿರಿ ನೋಡಬೇಕು ಎಂದು ಅವಳೂ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಅಪ್ಪಟ ಕನ್ನಡದವರು. ಉಳಿದ ಅಧ್ಯಾಯಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿ ಮೂರನೆಯದಕ್ಕೆ ಬಂದರು. ಪಾಟ್ಲಿಯಿಂದ ಸೆರಗಿನವರೆಗೆ ಇಡೀ ಕತೆಯನ್ನು ಸಭೆಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು. ನಾನು ಹಿಂದಿನ ಸಾಲಿನ ಕಡೆ ನೋಡಲಿಲ್ಲ.

ಸೋತ ಗಂಡಸು ಸುಲಭಕ್ಕೆ ಬಾಯಿ ಬಿಡುವುದಿಲ್ಲ, ಇವನ ಹೊಟ್ಟೆಯೊಳಗಿನ ಮಾತನ್ನು ಹೊರಗೆ ತೆಗೆಸಿದ ವಿಧಾನ ಯಾವುದು ಎಂದು ಅವರು ನನ್ನನ್ನು ಕೇಳಿದರು. ನಾನು ಪ್ರಬಂಧದ ಹಾಳೆ ತಿರುವತೊಡಗಿದೆ. ಹಿಂದಿನಿಂದ ಅವಳ ದನಿ ಬಂತು.

"ನನಗೂ ಅದನ್ನ ಹೇಳಲಿರಿ. ಆ ಮನುಷ್ಯಾರು ನಮ್ಮ ಮನ್ಯಾಗ ಇರತಾರ. ಐದು ವರ್ಷ ಆತು, ನನ್ನ ಮುಂದ ಒಮ್ಮಿನೂ ಬಾಯಿ ಬಿಟ್ಟಿಲ್ಲ."

ಪರೀಕ್ಷಕರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಇಡೀ ಕೋಣೆ ನಕ್ಕಿತು. ಅವಳೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ನನಗೆ ಅಳು ಬಂತು. ನನ್ನನ್ನು ಪಾಸು ಮಾಡಿ ಎಲ್ಲರೂ ಚಹಾ ಕುಡಿಯಲು ಹೋದರು.

ಊರಿಗೆ ಹೋಗುವ ಬಸ್ಸಿನಲ್ಲಿ ನಾನೇ ಬಾಯಿ ಬಿಟ್ಟೆ. ನನ್ನದು ತಪ್ಪಾಯಿತು, ಅವತ್ತೇ ಹೇಳಬೇಕಿತ್ತು ಅಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ, ಶೇರು ಯಾಕೆ ಮಾರಿದಿರಿ, ಯಾರ ಮಾತು ಕೇಳಿ ಮಾರಿದಿರಿ, ಅವತ್ತು ಮನೆಗೆ ಬಂದು ಹೇಗೆ ಊಟ ಮಾಡಿದಿರಿ ಎಂದು ಒಂದೊಂದೇ ಕೇಳತೊಡಗಿದಳು. ಪರೀಕ್ಷಕರು ಮುಕ್ಕಾಲು ತಾಸಿನಲ್ಲಿ ಮುಗಿಸಿದ್ದರು. ಇವಳ ಪರೀಕ್ಷೆ ನರಗುಂದ ದಾಟಿತು, ರೋಣ ದಾಟಿತು, ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಬರುವ ತನಕ ನಡೆಯಿತು.

ಫಲಿತಾಂಶ ಇನ್ನೂ ಬಂದಿಲ್ಲ.