ನೀರಲ್ಲಿ ಕದಡಿದ ಇಂಗ್ಲಿಷ್

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಇಡೀ ದಂಡನ್ನು ಈ ವಾರದಲ್ಲೇ ಸೋಲಿಸಿ ಬಿಡುತ್ತೇನೆ ಎಂದು ಮಸ್ಕಿಯ ಶಕೀಲ್ ಘೋಷಿಸಿದ. ಲಿಂಗಸುಗೂರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದು ಮಾಸ್ತರ ಕೆಲಸದ ಸಂದರ್ಶನಕ್ಕೆ ಕರೆದಿತ್ತು. ಇದೂ ಕೈತಪ್ಪಿದರೆ ಮಾವನ ಪಾತ್ರೆ ಅಂಗಡಿಯಲ್ಲಿ ಕೂರುವುದೇ ಗತಿ.

"ಗಿವ್ ಅಂದ್ರ ಕೊಡು, ಅಪ್ ಅಂದ್ರ ಮ್ಯಾಲ. ಎರಡೂ ಕೂಡಿದ್ರ ಕೈಬಿಡು," ಎಂದು ಹೆಂಡತಿ ಮುಸರತ್‌ಗೆ ಪಾಠ ಮಾಡಿದ.

"ಕೊಡೋದು ಹೋಗಿ ಬಿಡೋದು ಹ್ಯಾಂಗ ಆತ್ರಿ?"

ಶಕೀಲನಿಗೂ ಅದೇ ಸೋಜಿಗ. ಅಪ್ ತೆಗೆದು ಇನ್ ಇಟ್ಟರೆ ಸೋತು ಒಪ್ಪಿಕೊಳ್ಳುವುದಂತೆ! ಬಾಲ ಬದಲಾದರೆ ಪ್ರಾಣಿಯೇ ಬದಲಾಗುವ ಈ ಮಾಯೆಯನ್ನು ಹಿಡಿಯಲು ಅವನು ಚೀಟಿಗಳ ಮೇಲೆ ಚೌಕ ಚೌಕ ಮನೆ ಹಾಕಿ, ಮನೆಗೊಂದು ಶಬ್ದ ತುಂಬಿದ. ಕೈಗೆ ಸಿಕ್ಕಿದ್ದು ಕೇಸರಿ ಬಣ್ಣದ ಸ್ಕೆಚ್ ಪೆನ್. ಬಾಗಿಲು, ಗೋಡೆ, ಹಿಟ್ಟಿನ ಡಬ್ಬಿ, ಎಲ್ಲೆಲ್ಲೂ ಅಂಟಿಸಿದ.

ಓದು ಬಾರದ ತಾಯಿ ಹುಸೇನ್‌ಬೀ ಅವನ್ನು ಭಕ್ತಿಯಿಂದ ನೋಡಿದಳು. ಚೌಕದ ಮನೆ, ಕೇಸರಿ ಅಕ್ಷರ. ದರ್ಗಾದಲ್ಲಿ ಕೊಡುವ ತಾಯತದ ಚೀಟಿಯೂ ಹೀಗೇ ಇರುತ್ತದಲ್ಲ! ಅದನ್ನು ನೀರಲ್ಲಿ ಕದಡಿ ಕುಡಿಸಿಯೇ ಅವಳು ಮಗನ ಜ್ವರಗಳನ್ನೆಲ್ಲ ಓಡಿಸಿದ್ದಳು.

ಸಂದರ್ಶನದ ಬೆಳಿಗ್ಗೆ ಗ್ಲಾಸು ತಂದಳು. "ಬಿಸ್ಮಿಲ್ಲಾ ಅಂದು ಕುಡಿ, ಬೇಟಾ."

ಶರಬತ್ತೆಂದು ಗಟಗಟ ಕುಡಿದ ಶಕೀಲ್, ಚೀಟಿಗಳ ಮೇಲೆ ಕೊನೆಯ ಸಲ ಕಣ್ಣಾಡಿಸಲು ತಿರುಗಿದರೆ ಗೋಡೆ ಬೋಳು.

"ಚೀಟಿ ಎಲ್ಲಿ ಹೋದ್ವು, ಅಮ್ಮಾ?"

"ನಿನ್ನ ಹೊಟ್ಟ್ಯಾಗ ಅದಾವ. ಒಂದೂ ಬಿಟ್ಟಿಲ್ಲ."

ಸಂದರ್ಶನದಲ್ಲಿ ಶಕೀಲನ ಬಾಯಿ ತೆರೆಯಿತು, ಇಂಗ್ಲಿಷ್ ಮಾತ್ರ ಹೊರಬರಲಿಲ್ಲ. ಮುಖ್ಯೋಪಾಧ್ಯಾಯ ಆಂಜನೇಯ ಬಗ್ಗಿ ನೋಡಿದರು. "ನಾಲಿಗಿ ಯಾಕ್ರಿ ಕೇಸರಿ ಆಗ್ಯಾದ?"

ನಾಚಿಕೆಯಿಂದ ಬೆವರುತ್ತ ನಡೆದದ್ದನ್ನೆಲ್ಲ ಹೇಳಿದ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಚೌಕದ ಮನಿ ಹಾಕೋದು ಚಲೋ ಐತ್ರಿ. ಹುಡುಗರಿಗೂ ಹಂಗ ಕಲಿಸ್ರಿ. ಸೋಮವಾರ ಬರ್ರಿ."

ಕೆಲಸ ಸಿಕ್ಕಿದ್ದು ನೀರಿನಿಂದಲ್ಲ, ತನ್ನ ಬೋಧನಾ ಪದ್ಧತಿಯಿಂದ ಎಂದು ಅಮ್ಮನಿಗೆ ತಿಳಿಹೇಳುವ ಭಾಷಣವನ್ನು ಶಕೀಲ್ ಬಸ್ಸಿನಲ್ಲೇ ಸಿದ್ಧಮಾಡಿಕೊಂಡ. ಆದರೆ ಅವನು ಫೋನಿನಲ್ಲಿ ಹೇಳಿದ್ದ ಸುದ್ದಿ ಕೇಳಿ ಹುಸೇನ್‌ಬೀ ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿ, ಗ್ಲಾಸಿನ ಕಥೆಯನ್ನೂ ಹಂಚಿದ್ದಳು. ಬಾಗಿಲಲ್ಲಿ ನೆರೆಮನೆಯ ಗಾಳೆಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಮಗಳು ದೀಪಿಕಾಳ ಇಂಗ್ಲಿಷ್ ಪುಸ್ತಕ, ಇನ್ನೊಂದರಲ್ಲಿ ನೀರು ತುಂಬಿದ ಬಕೆಟ್ಟು. ಹೊಸ ಇಂಗ್ಲಿಷ್ ಮಾಸ್ತರನಿಗೆ ಮೊದಲ ಪ್ರಶ್ನೆ ಬಂತು.

"ಮಾಸ್ತರ್ರ, ಇಡೀ ಪುಸ್ತಕ ನೆನಿಯಾಕ ಇಡ್ಲೋ, ದಿನಕ್ಕೊಂದು ಹಾಳಿ ಸಾಕೋ?"